ಕಾಕುವಿನ ಮಣ್ಣಿನ ಮಾಳಿಗೆ

ನಮ್ಮ ಎದುರುಮನೆ ಕಾಕುವಿನ ಕಾಲುಗಳು ಮಳೆಗಾಲಕ್ಕೆ ಮುಂಚೆ ಮೊಣಕಾಲಿನವರೆಗೂ ಬೆಳ್ಳಗಿರುತ್ತಿದ್ದವು. ಮನೆಯ ಚಾವಣಿಯಾದ ಮಾಳಿಗೆ ಸೋರದಂತೆ ಅದರ ಮೇಲೆ ಬಿಳಿಮಣ್ಣು ಹರಡಿ, ನೀರು ಚಿಮುಕಿಸಿ, ತಾನೇ ತುಳಿದು ಗಟ್ಟಿ ಮಾಡುತ್ತಿದ್ದಳು. ಅವಳ ಮನೆಯ ಬಾಗಿಲು ಗಿಡ್ಡ. ಹೊಸಬರು ಹಣೆ ಬಡಿಸಿಕೊಂಡರೆ, "ನಮಸ್ಕಾರ ಮುಟ್ಟಿತು, ಒಳಗ ಬರ್ರಿ" ಎನ್ನುತ್ತಿದ್ದಳು.

ಅದು ಎಪ್ಪತ್ತರ ದಶಕ. ಮುದ್ದೇಬಿಹಾಳದ ಹಳೆ ಊರಿಗೂ ಮಾರ್ಕೆಟ್ ಯಾರ್ಡಿಗೂ ನಡುವಿದ್ದ ನಮ್ಮ ಓಣಿಗೆ ಸುಧಾರಣೆಯ ಹುಚ್ಚು ಹಿಡಿಯಿತು. ಮೊದಲು ಹಿಡಿದದ್ದು ನನಗೇ. ಅಪ್ಪ ಕಟ್ಟಿಸಿದ್ದ ಮಣ್ಣಿನ ಮನೆ ಕೆಡವಿ ಸ್ಲ್ಯಾಬ್ ಹಾಕಿಸಿದೆ. ನನ್ನನ್ನು ನೋಡಿ ಅಕ್ಕಪಕ್ಕದವರೂ ಹಾಕಿಸಿದರು. ಕಾಕು ಮಾತ್ರ ಒಲ್ಲೆ ಎಂದಳು.

"ಕಾಕೂ, ನಿನ್ನ ಮನಿ ಹಳೇ ಕಾಲದ್ದಾತು."

"ನಾನೂ ಹಳೇ ಕಾಲದಾಕಿನ. ನನ್ನೂ ಕೆಡವತೀಯೇನು?"

ಅವಳ ಮನೆಯ ಕಟ್ಟೆ ಓಣಿಯೊಳಗೆ ಚಾಚಿಕೊಂಡಿತ್ತು. ಮನೆ ಹೋದರೆ ಕಟ್ಟೆಯೂ ಹೋಗಿ, ನನ್ನ ವ್ಯಾಪಾರದ ಜೋಳದ ಲಾರಿ ನನ್ನ ಬಾಗಿಲಿಗೇ ಬರುತ್ತಿತ್ತು. ಪುರಸಭೆಗೆ ಹೋಗಿ, "ಆ ಮನಿ ಇವತ್ತೋ ನಾಳೆಯೋ ಬೀಳತೈತ್ರಿ" ಎಂದು ಸಾಹೇಬರ ಕಿವಿಯಲ್ಲಿ ಊದಿ ಬಂದೆ. ಬಂದು ನೋಡುತ್ತೇನೆ, ಬೀಳುವಂತಿದ್ದರೆ ಕೆಡವಿಸುತ್ತೇನೆ ಎಂದರು. ಕಾಕುವಿಗೆ ಬೇರೆ ನೆಲೆ ಇರಲಿಲ್ಲ. ಅದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ಬೇಸಿಗೆ ಬಂತು. ನಮ್ಮ ಸ್ಲ್ಯಾಬು ರೊಟ್ಟಿಯ ಹಂಚಿನಂತೆ ಕಾಯಿತು. ಸುಧಾರಿಸಿದ ಓಣಿಯೆಲ್ಲ ಮಧ್ಯಾಹ್ನ ತಲೆದಿಂಬು ಹಿಡಿದುಕೊಂಡು ಕಾಕುವಿನ ಪಡಸಾಲೆ ಸೇರತೊಡಗಿತು. ಮೊದಲ ದಿನ ನನಗೆ ನಾಚಿಕೆಯಾಯಿತು. ಮರುದಿನ ಗೋಡೆಯ ಪಕ್ಕದ ತಂಪು ಜಾಗಕ್ಕೆ ಜಗಳವಾಡಿದೆ.

ಸಾಹೇಬರು ತಪಾಸಣೆಗೆ ಬಂದದ್ದು ಅಂಥದೇ ಒಂದು ಮಧ್ಯಾಹ್ನ. ಹಣೆ ಬಡಿದ ಸದ್ದಿಗೆ ನನಗೆ ಎಚ್ಚರವಾಯಿತು.

"ನಮಸ್ಕಾರ ಮುಟ್ಟಿತ್ರಿ, ಒಳಗ ಬರ್ರಿ" ಎಂದಳು ಕಾಕು.

ನಾನು ಕಣ್ಣು ಮುಚ್ಚಿಕೊಂಡೇ ಗೊರಕೆ ಮುಂದುವರಿಸಿದೆ.

"ಈ ಮನಿ ಬೀಳತೈತಿ ಅಂದವ್ರು ಇವರ ಅಲ್ಲೇನ್ರಿ?" ಸಾಹೇಬರು ಕೇಳಿದರು. "ಹೆಂಡ್ತಿ ಮಕ್ಕಳನ್ನ ಕಟಗೊಂಡು ಇಲ್ಲೇ ಮಲಗ್ಯಾರಲ್ಲ?"

ಪಡಸಾಲೆಯೆಲ್ಲ ಎದ್ದು ಕೂತಿತು. ನನ್ನ ಗೊರಕೆ ನಿಂತಿತು.

"ಎಬ್ಬಸಬ್ಯಾಡ್ರಿ ಸಾಹೇಬ್ರ," ಎಂದಳು ಕಾಕು. "ನನ್ನ ಮನಿ ಚಿಂತಿಯೊಳಗ ಪಾಪ, ರಾತ್ರಿ ನಿದ್ದಿ ಮಾಡಿರಂಗಿಲ್ಲ."

ಸಾಹೇಬರು ನಕ್ಕರು, ಗೋಡೆ ಗುದ್ದಿ ನೋಡಿದರು, ಮಜ್ಜಿಗೆ ಕುಡಿದು ಹೋದರು. ಮನೆ ಉಳಿಯಿತು.

ನಾನು ದಿಂಬು ಕಂಕುಳಲ್ಲಿ ಅವಚಿಕೊಂಡು ಜಾರಿಕೊಳ್ಳುವಾಗ ಕಾಕು ಕರೆದಳು: "ಏ ತಮ್ಮಾ, ನಾಳೆ ಬರುವಾಗ ಒಂದು ಬುಟ್ಟಿ ಬಿಳಿಮಣ್ಣು ತಗೊಂಡ ಬಾ. ಬೀಳೋ ಮನಿ, ತುಳದು ಗಟ್ಟಿ ಮಾಡೂನು."

ಅಂದಿನಿಂದ ಪ್ರತಿ ವರ್ಷ ಆ ಮಾಳಿಗೆ ತುಳಿದೆ. ತಪ್ಪಾಯಿತೆಂದು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಆಕೆಯೂ ಕೇಳಲಿಲ್ಲ.

ಕಾಕು ತೀರಿಕೊಂಡದ್ದು ಒಂದು ಬೇಸಿಗೆಯ ಬೆಳಗ್ಗೆ. ಕನ್ನೊಳ್ಳಿಯಿಂದ ಅವಳ ತಮ್ಮನ ಮಗ ಬರಲಿ ಎಂದು ಕಾಯುತ್ತ, ಓಣಿಯೆಲ್ಲ ಪಡಸಾಲೆಯಲ್ಲಿ ಅಳುತ್ತ ಕೂತಿತ್ತು. ಬಿಸಿಲೇರಿದಂತೆ ಅಳು ಇಳಿಯಿತು. ಒಬ್ಬೊಬ್ಬರಾಗಿ ಆ ತಂಪು ಗೋಡೆಗೆ ಒರಗಿದೆವು. ನನಗೂ ಕಣ್ಣು ಹತ್ತಿತು.

ಹಣೆ ಬಡಿದ ಸದ್ದಿಗೆ ಎಚ್ಚರವಾಯಿತು. ಆ ಹುಡುಗ ಹಣೆ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತಿದ್ದ. ಅವನಿಗೆ ಹೇಳಬೇಕಾದವಳು ಮಲಗಿದ್ದಳು. ನಾನೇ ಎದ್ದು ಹೇಳಿದೆ:

"ನಮಸ್ಕಾರ ಮುಟ್ಟಿತಪ್ಪಾ. ಒಳಗ ಬಾ."