ಕಜೆ ಹೋಟೆಲಿನ ಊಟ

ಅತ್ತೆ ಊಟದಲ್ಲಿ ತಪ್ಪು ಹುಡುಕುವುದನ್ನು ನಿಲ್ಲಿಸಿದ ಮೇಲೆ ನಮ್ಮ ಮನೆಯಲ್ಲಿ ಯಾರಿಗೂ ಊಟ ಸರಿಯಾಗಿ ಸೇರುತ್ತಿರಲಿಲ್ಲ.

ಹೀಗೆಂದರೆ ನಂಬುವುದು ಕಷ್ಟ. ಮದುವೆಯಾದ ಹೊಸತರಲ್ಲಿ ನಾನು ಮಾಡಿದ ಬಸಳೆ ಸಾರಿನ ಒಂದೇ ತುತ್ತು ಬಾಯಿಗಿಟ್ಟು, ಕೊತ್ತಂಬರಿಯನ್ನು ಹುರಿದದ್ದೋ ಬರೀ ಬಿಸಿಲಿಗೆ ತೋರಿಸಿದ್ದೋ ಎಂದು ನೆಂಟರೆದುರೇ ಕೇಳಿದವರು ಅವರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ಅತ್ತೆಗೆ ಆ ಗಾದೆಯ ಮೊದಲರ್ಧವನ್ನು ಮಾತ್ರ ಯಾರೋ ಕಲಿಸಿದ್ದರು. ನನಗೂ ಮೂಗಿನ ತುದಿಯಲ್ಲೇ ಕೋಪ. ಅವರ ಮೇಲಿನ ಸಿಟ್ಟಿನಿಂದಲೇ ನಾನು ಒಳ್ಳೆಯ ಅಡಿಗೆ ಕಲಿತೆ.

ಅಂಥವರು ಮಾವ ತೀರಿಕೊಂಡ ಮೇಲೆ ಉಡುಪಿಯಿಂದ ಮಸ್ಕತ್ತಿಗೆ, ಅಲ್ ಮವಾಲೇಹ್‌ನ ನಮ್ಮ ಫ್ಲ್ಯಾಟಿಗೆ ಬಂದರು. ಬಂದ ದಿನದಿಂದ ಎದುರಿಗಿಟ್ಟದ್ದನ್ನು ನಾಲ್ಕು ತುತ್ತು ತಿಂದು, "ಆಯ್ತು" ಎಂದು ಏಳುತ್ತಿದ್ದರು. ಮೀನು ಸೀದರೂ ಆಯ್ತು, ದೋಸೆ ಹರಿದರೂ ಆಯ್ತು. ದಿನದಿಂದ ದಿನಕ್ಕೆ ಬಳೆಗಳು ಮೊಣಕೈಯವರೆಗೆ ಜಾರತೊಡಗಿದವು. ಪರೀಕ್ಷೆ ಮಾಡಿಯೇ ಬಿಡೋಣವೆಂದು ಒಂದು ದಿನ ಸಾರಿಗೆ ಉಪ್ಪೇ ಹಾಕದೆ ಬಡಿಸಿದೆ. ಅದನ್ನೂ ತಿಂದರು, ಒಂದು ಮಾತಾಡಲಿಲ್ಲ. ಅವತ್ತು ನನಗೆ ನಿಜವಾಗಿ ಭಯವಾಯಿತು.

ಗಂಡ ಸೊಹಾರಿನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ವಾರವಿಡೀ ಕಂಪನಿ ಕ್ವಾರ್ಟರ್ಸಿನಲ್ಲಿದ್ದು ಗುರುವಾರ ಸಂಜೆ ಮನೆಗೆ ಬರುತ್ತಾರೆ. ಅಂಥ ಒಂದು ಸಂಜೆ, ಮದೀನತ್ ಸುಲ್ತಾನ್ ಖಾಬೂಸಿನ ಕಡೆ ಒಂದು ಅಮೆರಿಕನ್ ಹೋಟೆಲಿದೆಯಂತೆ, ಸಿಗಡಿ ಏಡಿಗಳಿಗೆ ಭಾರೀ ಹೆಸರಂತೆ, ಆಫೀಸಿನವರೆಲ್ಲ ಹೊಗಳುತ್ತಾರಂತೆ ಎಂದು ಸುದ್ದಿ ತಂದರು. ಹತ್ತನೆಯ ಕ್ಲಾಸಿನ ಮಗಳು ಫೋನಿನಿಂದ ತಲೆಯೆತ್ತದೆಯೇ ಅಪ್ಪನನ್ನು ತಿದ್ದಿದಳು. "ಇಟ್ಸ್ ನಾಟ್ ಜಸ್ಟ್ ಅಮೆರಿಕನ್, ಪಪ್ಪಾ. ಇಟ್ಸ್ ಕೇಜನ್."

ಕಿಟಕಿಯ ಪಕ್ಕ ಕೂತಿದ್ದ ಅತ್ತೆ ತಿರುಗಿ ನೋಡಿದರು. "ಕಜೆಯಾ? ಇಲ್ಲಿ ಹೋಟೆಲಿನಲ್ಲಿ ಕಜೆ ಊಟ ಸಿಗ್ತದಾ?"

ಕಜೆಯೆಂದರೆ ನಮ್ಮ ಕಡೆಯ ಕೆಂಪು ಕುಚ್ಚಲಕ್ಕಿ. ಅನ್ನ ಗಂಟಲಲ್ಲಿ ಇಳಿಯುವುದು ಗೊತ್ತಾಗಬೇಕು, ಗೊತ್ತಾಗದೆ ಇಳಿದರೆ ಅದು ಅನ್ನವೇ ಅಲ್ಲ ಎನ್ನುವುದು ಅತ್ತೆಯ ಸಿದ್ಧಾಂತ. ಮನೆಯಲ್ಲಿ ಕಜೆ ಇರಲಿಲ್ಲವೆಂದಲ್ಲ. ಅವರೇ ಊರಿಂದ ತಂದದ್ದನ್ನು ದಿನಾ ಬೇಯಿಸುತ್ತಿದ್ದೆ, ಅದನ್ನೂ ನಾಲ್ಕು ತುತ್ತಿಗೇ ಬಿಡುತ್ತಿದ್ದರು. ಆದರೆ ಬಂದಂದಿನಿಂದ ಅವರಾಗಿ ಒಂದು ಪ್ರಶ್ನೆ ಕೇಳಿದ್ದು ಅದೇ ಮೊದಲು. ಗಂಡ ಅದು ಕಜೆಯಲ್ಲ, ಅಮೆರಿಕದ ದಕ್ಷಿಣದ ಒಂದು ಜನಾಂಗ ಎಂದು ಪಾಠ ಶುರುಮಾಡುವಷ್ಟರಲ್ಲಿ ನಾನು ಅವರ ಕಾಲು ತುಳಿದೆ. "ಹೌದು ಅತ್ತೆ, ಸಿಗ್ತದಂತೆ," ಎಂದೆ.

"ಹಾಗಾದ್ರೆ ಒಮ್ಮೆ ಹೋಗುವ," ಎಂದರು ಅತ್ತೆ.

ಅಡಿಗೆಮನೆಯಲ್ಲಿ ನಮಗೆ ಪಿಸುಮಾತಿನ ಜಗಳವಾಯಿತು. ಸುಳ್ಳು ಹೇಳಿ ಕರೆದುಕೊಂಡು ಹೋದರೆ ಅಲ್ಲಿ ಬಯಲಾಗುವುದಿಲ್ಲವೇ ಎಂದು ಗಂಡನ ವಾದ. ಇಷ್ಟು ದಿನಗಳಲ್ಲಿ ಅವರು ಬೇಕೆಂದದ್ದು ಇದೊಂದೇ, ಅದನ್ನು ಕಿತ್ತುಕೊಳ್ಳಲು ನನ್ನಿಂದಾಗದು ಎಂದೆ. ಅಮೆರಿಕದವರು ಕಜೆ ತಿನ್ನದಿದ್ದರೆ ತಿನ್ನುವಂತೆ ಮಾಡಬೇಕು, ಅಷ್ಟೇ.

ಮೊದಲ ತೊಡಕು ವಾರದ್ದು. ಅತ್ತೆ ಶುಕ್ರವಾರ ದೇವಿಗೆಂದು, ಶನಿವಾರ ವೆಂಕಟರಮಣನಿಗೆಂದು ಮೀನು ಮುಟ್ಟುವುದಿಲ್ಲ. ಈ ದೇಶದಲ್ಲಿ ರಜೆ ಇರುವುದೇ ಶುಕ್ರವಾರ ಮತ್ತು ಶನಿವಾರ. ಮೀನಿದ್ದ ದಿನ ಮಗನಿಲ್ಲ, ಮಗನಿದ್ದ ದಿನ ಮೀನಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಉಳಿದದ್ದು ಗುರುವಾರ ರಾತ್ರಿಯೊಂದೇ. ಮುಂದಿನ ಗುರುವಾರ ಸಂಕ್ರಮಣ ಬಿತ್ತು. ಅದರ ಮುಂದಿನ ಗುರುವಾರ ಹೋಟೆಲಿನಲ್ಲಿ ಜಾಗವಿಲ್ಲ, ಅಷ್ಟು ಹೆಸರುವಾಸಿ. ಗಂಡ ಇಡೀ ವಿಷಯವನ್ನು ಕಾರ್ಖಾನೆ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನಿನಂತೆ ಕೈಗೆತ್ತಿಕೊಂಡರು. ರಾತ್ರಿ ಸೊಹಾರಿನಿಂದ ಫೋನ್ ಮಾಡಿ ಹೇಗಿದ್ದೀ ಎಂದು ಕೇಳುವ ಬದಲು, ರೈಸ್ ವಿಷಯದ ಸ್ಟೇಟಸ್ ಏನು ಎಂದು ಕೇಳತೊಡಗಿದರು.

ಇತ್ತ ಮಗಳು ಹೋಟೆಲಿನ ಮೆನುವನ್ನು ಅಜ್ಜಿಗೆ ಓದಿ ಹೇಳುತ್ತಿದ್ದಳು. ಅದರಲ್ಲಿ 'ಡರ್ಟಿ ರೈಸ್' ಎಂದೊಂದಿತ್ತು. ಕೊಳಕು ಅನ್ನ ಎಂದು ಅವಳು ಅರ್ಥ ಹೇಳಿದಾಗ ಇದ್ದ ಆಸೆಯೂ ಹೋಯಿತೆಂದುಕೊಂಡೆ. ಅತ್ತೆ ಮಾತ್ರ ಸಮಾಧಾನದಿಂದ ತಲೆಯಾಡಿಸಿದರು. ಜೀವಮಾನವಿಡೀ ಬಿಳಿ ಅನ್ನ ಉಂಡವರಿಗೆ ಕಜೆ ಕೊಳಕಾಗಿಯೇ ಕಾಣುವುದು, ಬೆಂಗಳೂರಿನ ನೆಂಟರೂ ಹಾಗೆಯೇ ಮೂಗು ಮುರಿಯುತ್ತಾರೆ ಎಂದರು. ಸುಳ್ಳು ನನ್ನದು, ಸಾಕ್ಷ್ಯ ಹೋಟೆಲಿನವರೇ ಒದಗಿಸುತ್ತಿದ್ದರು.

ಮರುದಿನ ಹೋಟೆಲಿಗೆ ಫೋನ್ ಮಾಡಿದೆ. ಮಂಗಳೂರಿನ ಇಂಗ್ಲಿಷಿನಲ್ಲಿ 'ಬಾಯ್ಲ್ಡ್ ರೈಸ್' ಎಂದರೆ ಕುಚ್ಚಲಕ್ಕಿ. ಅಂಗಡಿಯಲ್ಲಿ ಹಾಗೆಯೇ ಕೇಳುತ್ತೇವೆ, ಹಾಗೆಯೇ ಕೊಡುತ್ತಾರೆ. ಲೋಕವೆಲ್ಲ ಹಾಗೆಯೇ ಹೇಳುತ್ತದೆಂದು ನಾನು ಅಂದಿನವರೆಗೂ ನಂಬಿದ್ದೆ. ನಿಮ್ಮಲ್ಲಿ ಬಾಯ್ಲ್ಡ್ ರೈಸ್ ಇದೆಯೇ ಎಂದಾಗ ಫೋನೆತ್ತಿದ ಹುಡುಗಿ, ನಾವು ಎಲ್ಲ ರೈಸನ್ನೂ ಬಾಯ್ಲ್ ಮಾಡಿಯೇ ಕೊಡುವುದು ಮೇಡಂ ಎಂದಳು. ಹಾಗಲ್ಲ, ಬೇಯಿಸುವ ಮೊದಲೇ ಬೇಯಿಸಿದ್ದು ಎಂದೆ. ನಿನ್ನೆಯದು ಬೇಕೇ ಎಂದಳು. ಅಲ್ಲಮ್ಮ, ಭತ್ತ ಇರುವಾಗಲೇ ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡಿ, ಅದನ್ನು ಮತ್ತೆ ಬೇಯಿಸಿದ್ದು ಎಂದು ಬಿಡಿಸಿ ಹೇಳಿದೆ. ಅವಳು ಬಹಳ ಮೆತ್ತಗೆ, ನಿಮಗೆ ಏನಾದರೂ ಅಲರ್ಜಿ ಇದೆಯೇ ಎಂದು ಕೇಳಿದಳು.

ಇನ್ನೊಂದು ಸಲ ಫೋನ್ ಮಾಡಿದಾಗ ಮ್ಯಾನೇಜರೇ ಸಿಕ್ಕಿದರು. ಮಲಯಾಳಿ ಎಂದು ಹಿಂದಿ ಕೇಳಿದ ಕೂಡಲೇ ತಿಳಿಯಿತು. ಸಾಸೇಜಿನಲ್ಲಿ ದನದ ಮಾಂಸವಿದೆ, ನಿಮಗೆ ಕೋಳಿಯದ್ದು ಹಾಕಿಸುತ್ತೇನೆ ಎಂದು ಅವರಾಗಿಯೇ ಹೇಳಿದರು. ಅಕ್ಕಿಯ ವಿಷಯ ತೆಗೆದೆ. ಮನೆಯಿಂದ ಡಬ್ಬಿಯಲ್ಲಿ ಅನ್ನ ತರಬಹುದೇ ಎಂದೆ. ಹೊರಗಿನ ಅನ್ನ ಒಳಗೆ ಬಿಡುವ ಹಾಗಿಲ್ಲ ಎಂದರು. ನೀವೇ ಬೇಯಿಸಿ, ನಾನು ಬರೀ ಅಕ್ಕಿ ತರುತ್ತೇನೆ ಎಂದೆ. ಅದೂ ಆಗದು. ಯಾರಿಗೆ ಮೇಡಂ ಇದೆಲ್ಲ ಎಂದು ಬೇಸತ್ತು ಕೇಳಿದರು. ಕೋಪದಲ್ಲಿ ನಿಜವೇ ಬಾಯಿಗೆ ಬಂತು. ಗಂಡ ಸತ್ತ ಮೇಲೆ ಏನನ್ನೂ ಸರಿಯಾಗಿ ತಿನ್ನದ ನನ್ನತ್ತೆಗೆ, ನಿಮ್ಮದು ಕೆಂಪು ಕುಚ್ಚಲಕ್ಕಿಯ ಹೋಟೆಲೆಂದು ನಂಬಿ ಹೊರಟಿದ್ದಾರೆ ಎಂದೆ.

ಆತ ದನಿ ತಗ್ಗಿಸಿದರು. ಮೆನುವಿನಲ್ಲಿ ಅಂಥದ್ದಿಲ್ಲ, ಆದರೆ ಕಿಚನ್ ಸ್ಟಾಫಿಗೆಂದು ದಿನಾ ಒಂದು ಪಾತ್ರೆ ಮಟ್ಟ ಅನ್ನ ಮಾಡುತ್ತೇವೆ ಎಂದರು. ಮಟ್ಟವೆಂದರೆ ಕೇರಳದ ಕೆಂಪು ಕುಚ್ಚಲಕ್ಕಿ. ನಮ್ಮ ಕಜೆಗೆ ದಾಯಾದಿ. "ಅಮ್ಮನಿಗಲ್ವಾ, ಕರ್ಕೊಂಡು ಬನ್ನಿ," ಎಂದು ಹಿಂದಿಯಲ್ಲೇ ಹೇಳಿ ಫೋನಿಟ್ಟರು.

ಕೊನೆಗೂ ಒಂದು ಗುರುವಾರ ಹೋದೆವು. ಅತ್ತೆ ಮದುವೆಗೆ ಉಡುವ ಸೀರೆ ಉಟ್ಟಿದ್ದರು. ವೇಟರ್ ಬಂದು ಎಲ್ಲರ ಕೊರಳಿಗೂ ಏಡಿಯ ಚಿತ್ರವಿರುವ ಪ್ಲಾಸ್ಟಿಕ್ ಬಟ್ಟೆ ಕಟ್ಟಿದ. ಮಗುವನ್ನು ಅನ್ನಪ್ರಾಶನಕ್ಕೆ ಕೂರಿಸಿದಂತೆ ಅತ್ತೆ ಸುಮ್ಮನೆ ಕಟ್ಟಿಸಿಕೊಂಡರು. ಆಮೇಲೆ ಆತ ತಟ್ಟೆಯನ್ನೇ ಇಡದೆ, ಮೇಜಿನ ಮೇಲೆ ಹಾಸಿದ ಕಾಗದಕ್ಕೆ ಒಂದು ಚೀಲ ಬೇಯಿಸಿದ ಸಿಗಡಿ, ಏಡಿ, ಜೋಳ, ಆಲೂಗಡ್ಡೆಗಳನ್ನು ಒಮ್ಮೆಲೇ ಸುರಿದ. ಗಂಡನ ಪ್ಲಾನಿಂಗಿನಲ್ಲಿ ಇದು ಇರಲಿಲ್ಲ. ಅತ್ತೆ ಆ ರಾಶಿಯನ್ನು ಒಮ್ಮೆ ನೋಡಿದರು.

ಬಳಿಕ ಮ್ಯಾನೇಜರು ಖುದ್ದಾಗಿ ಒಂದು ಬಟ್ಟಲು ತಂದು ಅತ್ತೆಯ ಮುಂದಿಟ್ಟರು. ಅದಕ್ಕೆ ಗಂಬೊ ಎನ್ನುತ್ತಾರೆ; ಬೆಂಡೆ, ಏಡಿ, ಸಿಗಡಿ ಹಾಕಿದ ಕಂದುಬಣ್ಣದ ಗಟ್ಟಿ ಸಾರು. ನಡುವೆ ಗುಡ್ಡೆಯಾಗಿ ಕೆಂಪು ಅನ್ನ. ಅತ್ತೆ ಚಮಚವನ್ನು ಬದಿಗಿಟ್ಟು ಕೈಯಲ್ಲೇ ಕಲಸಿ ಒಂದು ತುತ್ತು ಬಾಯಿಗಿಟ್ಟರು. ನಾವು ಮೂವರೂ ಅವರ ದವಡೆ ನೋಡುತ್ತಿದ್ದೆವು. ಇನ್ನೊಂದು ತುತ್ತು ತಿಂದರು. ನಾಲ್ಕು ದಾಟಿತು, ಐದೂ ದಾಟಿತು.

"ಇದು ಕಜೆ ಅಲ್ಲ," ಎಂದರು ಅತ್ತೆ. "ಇದು ಮಟ್ಟ. ಹೆಸರು ಕಜೆ ಅಂತ ಹಾಕಿಕೊಂಡು ಮಟ್ಟ ಬಡಿಸುವುದು ಎಂತ ಕ್ರಮ?"

ಸುಳ್ಳು ಬಯಲಾಯಿತೆಂದುಕೊಂಡೆ. ಆದರೆ ಅವರು ನಿಲ್ಲಿಸಲಿಲ್ಲ. ಬೆಂಡೆಯನ್ನು ಮೊದಲು ಎಣ್ಣೆಯಲ್ಲಿ ಬಾಡಿಸದೆ ಹಾಕಿದ್ದಾರೆ, ಅದಕ್ಕೇ ಲೋಳೆ ಎಂದರು. ಸಾರು ಗಟ್ಟಿಮಾಡಲು ಹಾಕಿದ ಹಿಟ್ಟನ್ನು ಕಪ್ಪಾಗುವವರೆಗೆ ಹುರಿದಿದ್ದಾರೆ, ಒಲೆಯ ಮುಂದೆ ಯಾರೂ ಇರಲಿಲ್ಲವೋ ಏನೋ ಎಂದರು. ಏಡಿಯ ಕಾಲು ಜಜ್ಜಿ ಹಾಕುವಷ್ಟೂ ಪುರುಸೊತ್ತಿಲ್ಲ, ತೆಂಗಿನಕಾಯಿಯ ಸುದ್ದಿಯೇ ಇಲ್ಲ, ಎಲೆ ಹಾಕದೆ ಮೇಜಿಗೆ ಸುರಿಯುವುದನ್ನು ಯಾವ ಮನೆಯಲ್ಲಿ ಕಲಿತರು ಎಂದರು. ಹೀಗೆ ಹೇಳುತ್ತ ಹೇಳುತ್ತ ಬಟ್ಟಲು ಖಾಲಿಯಾಯಿತು. ಬೈಯುವ ಮಧ್ಯದಲ್ಲೇ ಇನ್ನೊಂದು ಬಟ್ಟಲು ತರಲು ಕೈ ತೋರಿಸಿದರು. ಗಂಡ ಅಮ್ಮನನ್ನೇ ನೋಡುತ್ತ ಕೂತುಬಿಟ್ಟಿದ್ದರು. ಮಗಳು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ್ದಳು.

ಎರಡನೆಯ ಬಟ್ಟಲಿಗೆ ಕೈಹಾಕುವ ಮೊದಲು ಅತ್ತೆ ನನ್ನ ಕಡೆ ತಿರುಗಿದರು.

"ಆವತ್ತು ಉಪ್ಪಿಲ್ಲದ ಸಾರು ಮಾಡಿದ್ದೆಯಲ್ಲ, ಅದು ಮರೆತದ್ದಾ, ಬೇಕಂತಲೇ ಮಾಡಿದ್ದಾ?"

ಗೊತ್ತಾಗಿತ್ತು ಅವರಿಗೆ. ಆ ನಾಲಗೆ ಎಲ್ಲಿಗೂ ಹೋಗಿರಲಿಲ್ಲ. ಮದುವೆಯಾದಾಗಿನಿಂದ ಯಾವ ದನಿ ಕೇಳಿದರೆ ನನಗೆ ಮೈ ಉರಿಯುತ್ತಿತ್ತೋ ಅದೇ ದನಿಗೆ ನನ್ನ ಕಣ್ಣು ತುಂಬಿ, ನೀರು ಕೆನ್ನೆಗಿಳಿದು, ಏಡಿಯ ಚಿತ್ರದ ಮೇಲೆ ತೊಟ್ಟಿಕ್ಕಿತು. "ಬೇಕಂತಲೇ ಅತ್ತೆ," ಎಂದೆ.

ವೇಟರ್ ಗಾಬರಿಯಿಂದ ಓಡಿ ಬಂದು ನೀರಿನ ಲೋಟ ಹಿಡಿದ. ತುಂಬಾ ಸ್ಪೈಸಿಯಾಯಿತೇ ಮೇಡಂ, ಖಾರ ಕಡಿಮೆ ಮಾಡಿಸಲೇ ಎಂದು ಕೇಳಿದ. ನಾನು ಹೌದು, ಖಾರ ಎಂದು ನೀರು ಕುಡಿದೆ.

"ಖಾರವಾ?" ಎಂದರು ಅತ್ತೆ, ಇನ್ನೊಂದು ತುತ್ತು ಕಲಸುತ್ತ. "ಇದರಲ್ಲಿ ಖಾರ ಎಲ್ಲಿ ಉಂಟು?"