ಕತ್ತರಿ ಇಲ್ಲದ ಮಗ್ಗ

ನೂಲು ಕಚ್ಚಿದೆ. ಮುಂಬಲ್ಲಿನಿಂದ ಚಳಕು ಹೊಡೆದು ಕಣ್ಣಿನ ತನಕ ಹೋಯಿತು. ಹೋದ ವರ್ಷದ ಮಾತು. ನನಗೆ ಹದಿನಾರು.

ಬೆಟಗೇರಿಯ ಸಾವುಕಾರರೊಬ್ಬರ ಕೈಮಗ್ಗದಲ್ಲಿ ಅವ್ವನ ಪಕ್ಕ ಕೂತು ಸೀರೆ ನೇಯುತ್ತೇನೆ. ಮಗ್ಗದ ಹತ್ತಿರ ಕತ್ತರಿ ತರುವಂತಿಲ್ಲ. ಕೈಜಾರಿ ಬಿದ್ದರೆ ಬಿಗಿದ ಹಾಸುನೂಲು ಹರಿಯುತ್ತದೆ, ಅಪಶಕುನವೂ ಹೌದಂತೆ. ಹರಿದ ಎಳೆಗೆ ಗಂಟು ಹಾಕಿ, ಉಳಿದ ತುದಿಯನ್ನು ಹಲ್ಲಿನಿಂದಲೇ ಕಡಿಯಬೇಕು. ನಾಲ್ಕು ವರ್ಷ ಕಡಿದು ನನ್ನ ಎರಡು ಮುಂಬಲ್ಲುಗಳ ಅಂಚು ಸವೆದು ಕಚ್ಚು ಬಿದ್ದಿತ್ತು. ಅವ್ವನಿಗೂ ಹಾಗೇ ಇದೆ. "ನೇಕಾರರ ಹಲ್ಲು ಅಂದ್ರ ಹಿಂಗ ಇರ್ತಾವ," ಎಂದು ಹೆಮ್ಮೆಯಿಂದ ತೋರಿಸುತ್ತಿದ್ದಳು.

ನೋವಿಗೆ ಅವಳೇ ಸುಟ್ಟ ತಂಬಾಕಿನ ಪುಡಿ ಕೊಟ್ಟಳು. "ತಿಕ್ಕು. ಆಮ್ಯಾಲೆ ಏನೂ ಗೊತ್ತಾಗಂಗಿಲ್ಲ."

ಖರೆ. ಒಳಗೆ ಕೊಳೆಯುತ್ತಿದ್ದುದೂ ಗೊತ್ತಾಗಲಿಲ್ಲ. ಹಲ್ಲು ಕಪ್ಪಾದವು. ಬಾಯಿ ನಾರತೊಡಗಿತು.

ನಾನು ನಗುವುದನ್ನು ಬಿಟ್ಟೆ.

ಟ್ರಾನ್ಸಿಸ್ಟರಿನ ಹಾಡು, ಲಾಳಿಯ ಸದ್ದು, ಎರಡನ್ನೂ ಮೀರಿ ನಾಲ್ಕು ಮಗ್ಗದಾಚೆ ಕೇಳುತ್ತಿದ್ದ ನಗು ಅದು. ಈಗ ಮಾತಿಗೂ ಸೆರಗು ಬಾಯಿಗೆ. ಬುತ್ತಿ ಬಿಚ್ಚಿದಾಗ ಗೆಳತಿ ಶಾಂತಾ ತುಸು ಸರಿದು ಕೂತಳು. ಏನಾದರೂ ಅಂದಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ.

ತುಟಿ ಊದಿ ಜ್ವರ ಬಂದಾಗ ಗದಗಿನ ಡೆಂಟಿಸ್ಟ್ ಎಕ್ಸ್-ರೇ ನೋಡಿದರು, ನೂಲು ಕಡಿಯುವ ಮಾತು ಕೇಳಿದರು. "ಇನ್‌ಫೆಕ್ಷನ್ ಬೇರಿಗೆ ಇಳದೈತಿ. ಎರಡೂ ತಗೀಬೇಕು. ಒಂದು ಕತ್ರಿ ಇರಲಿಲ್ಲೇನವ್ವಾ ನಿಮ್ಮಲ್ಲಿ?"

ಅವ್ವ ನೆಲ ನೋಡಿದಳು.

ಎರಡೂ ಹೋದವು.

ಓಣಿಯ ಮುದುಕಿ ಸಮಾಧಾನ ಹೇಳಲು ಬಂದು, "ಹಲ್ಲಿದ್ದಾಗ ಕಡ್ಲಿ ಇಲ್ಲ, ಕಡ್ಲಿ ಇದ್ದಾಗ ಹಲ್ಲಿಲ್ಲ, ಬಿಡು," ಎಂದಳು. ಅದು ಮುದುಕರ ಗಾದೆ. ನನಗಾಗ ಇನ್ನೂ ಹದಿನೇಳು ತುಂಬಿರಲಿಲ್ಲ. ಮೈಯೆಲ್ಲ ಉರಿಯಿತು. ಒಂದು ಎಳೆ ನೂಲಿಗಿದ್ದ ಕಿಮ್ಮತ್ತು ನನ್ನ ಬಾಯಿಗಿರಲಿಲ್ಲ ಎಂದು ಸಾವುಕಾರರ ಮೇಲೆ ಸಿಟ್ಟು, ಪುಡಿ ಕೊಟ್ಟ ಅವ್ವನ ಮೇಲೆ ಅದಕ್ಕಿಂತ ಹೆಚ್ಚು. ಹದಿನೈದು ದಿನ ಅವಳೊಂದಿಗೆ ಮಾತಾಡಲಿಲ್ಲ. ಅವಳು ಗಂಜಿ ಇಟ್ಟು ಹೋಗುತ್ತಿದ್ದಳು. ನಾನು ಕುಡಿಯುತ್ತಿದ್ದೆ.

ಕೆಲಸಕ್ಕೆ ಮರಳಿದ ಬೆಳಿಗ್ಗೆ ಅವ್ವ ಸಣ್ಣ ಕತ್ತರಿಗೆ ಗಿಡ್ಡ ದಾರ ಕಟ್ಟಿ ನನ್ನ ಕೊರಳಿಗೆ ಹಾಕಿದಳು. ಕೈಜಾರಿದರೂ ಅದು ಹಾಸುನೂಲು ಮುಟ್ಟುವುದಿಲ್ಲ. ಇಷ್ಟೇ ಉಪಾಯ. ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಮತ್ತೆ ಸಿಟ್ಟು ಬಂತು.

ಸಾವುಕಾರರು ನೋಡಿದರು. "ಏ, ತಗಿ ಅದನ್ನ. ದೇವರು ಹಲ್ಲು ಯಾಕ ಕೊಟ್ಟಾನ?"

ನಾನು ಸೆರಗು ಸರಿಸಿ ಬಾಯಿ ತೆರೆದೆ. "ಕೊಟ್ಟಿದ್ದನ್ರಿ. ನಿಮ್ಮ ಸೀರಿ ಅವನ್ನ ತಿಂದ್ವು."

ಮಗ್ಗಗಳು ನಿಂತವು. ಸಾವುಕಾರರು ಹೊರಗೆ ಹೋದರು. ಅವ್ವ ತನ್ನ ಸೊಂಟದಿಂದ ಇನ್ನೊಂದು ಕತ್ತರಿ ತೆಗೆದು ತನ್ನ ಕೊರಳಿಗೂ ಕಟ್ಟಿಕೊಂಡಳು. ಆ ದಿನ ಅವಳೊಂದಿಗೆ ಮಾತಾಡಿದೆ.

ಪಕ್ಕದ ಹಲ್ಲುಗಳು ಉಳಿದಿವೆ, ಅಷ್ಟು ಪುಣ್ಯ. ವಸಡು ಗಟ್ಟಿಯಾದ ಮೇಲೆ ಕಟ್ಟಿದ ಹಲ್ಲು ಕೂರಿಸುತ್ತಾರಂತೆ. ಬಾಯಿ ಇನ್ನೂ ಪುಡಿ ಬೇಡುತ್ತದೆ, ಕೊಡುವುದಿಲ್ಲ. ನಿನ್ನೆ ಶಾಂತಾ ಏನೋ ಅಂದಳು, ನಗು ಬಂತು. ಕೈ ಬಾಯಿಯತ್ತ ಹೋಯಿತು. ಅರ್ಧದಲ್ಲೇ ಇಳಿಸಿದೆ.