ಸ್ವಲ್ಪ ಸ್ಪೆಷಲ್ ಗೋಡೆ

ಯರಗುಪ್ಪಿಯಿಂದ ಹೆಣ್ಣಿನ ಕಡೆಯವರು ನಮ್ಮ ಮನೆ ನೋಡಲು ಬರುತ್ತಾರೆಂದು ತಿಳಿದಾಗ ನಾನು ನೆಟ್ಟಗೆ ಹೋಗಿ ಪಡಸಾಲೆಯ ಗೋಡೆಯೆದುರು ನಿಂತೆ. ಅದಕ್ಕೂ ಮೊದಲು ಮೂರು ಕಡೆಯವರು ಮಗನನ್ನು ನೋಡಲು ಬಂದು, ಅವಲಕ್ಕಿ ತಿಂದು, "ಫೋನ್ ಮಾಡ್ತೀವ್ರಿ" ಎಂದು ಹೋದವರು ಮಾಡಿರಲಿಲ್ಲ. ಅವರೆಲ್ಲ ಆ ಗೋಡೆ ನೋಡಿಯೇ ಹಿಂದೆ ಸರಿದರೆಂಬುದು ನನ್ನ ಗಟ್ಟಿ ನಂಬಿಕೆ. "ನಿಮ್ಮ ಮಾತ ಕೇಳಿ ಹೋಗ್ಯಾರ" ಎಂಬುದು ಹೆಂಡತಿಯ ನಂಬಿಕೆ.

ಗೋಡೆ ಬಿರುಕು ಬಿಟ್ಟಿತ್ತು. ನಮ್ಮ ಎರೆ ನೆಲ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮೇಲೆ ಕೂತ ಮನೆ ಅದರ ಜೊತೆ ಏಳಬೇಕು, ಇಳಿಯಬೇಕು. ನೆಲದಿಂದ ಹೊರಟ ಬಿರುಕು ವರ್ಷವರ್ಷವೂ ಮೇಲೇರುತ್ತಿತ್ತು. ಪ್ರತಿ ಅಮಾವಾಸ್ಯೆ ನಾನು ಅದರ ತುದಿಗೆ ಪೆನ್ಸಿಲಿನಿಂದ ಒಂದು ಗೀಟು ಹಾಕುತ್ತಿದ್ದೆ. ಇದರಿಂದ ಗೋಡೆಗೆ ಯಾವ ಉಪಯೋಗವೂ ಆಗಲಿಲ್ಲ. ಗೌಂಡಿಯನ್ನು ಕರೆಸಿದರೆ ಅಡಿಪಾಯದ ಮಾತು ತೆಗೆಯುತ್ತಾನೆಂದು ಹೆದರಿ ಪೇಂಟರ್‌ನನ್ನು ಕರೆಸಿದೆ.

ಅವನು ನವಲಗುಂದದಿಂದ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದ. ಬಣ್ಣ ಬಳಿಯುವವನ ಅಂಗಿಯ ಮೇಲೆ ಒಂದು ಹನಿ ಬಣ್ಣವೂ ಇಲ್ಲದಿದ್ದರೆ ಅವನು ಮಹಾ ಕಸಬುದಾರನಿರಬೇಕು, ಇಲ್ಲವೇ ಕೆಲಸಗೇಡಿ. ನಾನು ಕಸಬುದಾರನೆಂದುಕೊಂಡೆ. ಜನರನ್ನು ಅಳೆಯುವುದರಲ್ಲಿ ನನ್ನ ಕೈಗುಣ ಅಂಥದು.

"ಪೇಂಟರ್ ಅನಬ್ಯಾಡ್ರಿ ಸರ, ಆರ್ಟಿಸ್ಟ್ ಅನ್ರಿ. ಪೇಂಟರ್ ಅಂದ್ರ ಗೇಟಿಗೆ ಬಣ್ಣಾ ಹಚ್ಚಾವ."

ಆಮೇಲೆ ಗೋಡೆಯ ಹತ್ತಿರ ಹೋಗಿ, ನಾಣ್ಯ ತೂರುವಂಥ ಬಿರುಕನ್ನು ಬಿಟ್ಟು, ನನ್ನ ಪೆನ್ಸಿಲ್ ಗೀಟುಗಳನ್ನು ನೋಡಿದ.

"ಇದೇನ್ರಿ ಸರ, ಮಗನ ಎತ್ತರಾ?"

ಕೊನೆಯ ಗೀಟನ್ನು ನಾನು ಸ್ಟೂಲು ಹತ್ತಿ ಹಾಕಿದ್ದೆ. ಆದರೂ ಬಿರುಕಿನ ಸುದ್ದಿ ನನ್ನ ಬಾಯಿಂದ ಬರುವುದು ಬೇಡವೆಂದು "ಹೂಂ" ಎಂದೆ.

"ಅಗದಿ ಎತ್ತರ ಅದಾನ ಬಿಡ್ರಿ."

ಇಂಥ ಮಹಾನುಭಾವನಿಗೆ ಬಿಡಿಸಿ ಹೇಳಬೇಕಿತ್ತು. ನಾನು ಹೇಳಿದ್ದು ಇಷ್ಟೇ: "ಈ ಗ್ವಾಡಿ ಸ್ವಲ್ಪ ಸ್ಪೆಷಲ್ ಐತಿ. ನೋಡಿ ಮಾಡ್ರಿ."

"ತಿಳೀತ್ರಿ ಸರ. ನೀವು ಆರಾಮ ಸಾಲಿಗೆ ಹೋಗಿ ಬರ್ರಿ."

ಶಾಲೆಗೆ ಹೋದೆ. ಮನಸ್ಸಿನಲ್ಲಿದ್ದುದನ್ನು ಸ್ಪಷ್ಟವಾಗಿ ಬರೆಯಿರೆಂದು ಮಕ್ಕಳ ತಲೆ ತಿನ್ನುವ ಕನ್ನಡ ಮೇಷ್ಟ್ರು ನಾನು.

ಎರಡನೆಯ ದಿನ ಸಂಜೆ ಬಂದು ನೋಡಿದರೆ ಮೂರು ಗೋಡೆಗಳು ಕೆನೆ ಬಣ್ಣದಲ್ಲಿ ಸುಮ್ಮನೆ ನಿಂತಿದ್ದವು. ನಾಲ್ಕನೆಯದು ಬದನೆಕಾಯಿ ಬಣ್ಣ. ಅದರ ಮೈತುಂಬ ಸ್ಪಂಜು ಕತ್ತರಿಸಿ ಒತ್ತಿದ ಬಂಗಾರದ ಎಲೆಗಳು. ಕಲ್ಯಾಣಮಂಟಪದ ವೇದಿಕೆಯ ಹಿಂದೆ ಕೂಡ ಇಷ್ಟು ಮಾನಗೆಟ್ಟ ಪರದೆಯನ್ನು ನಾನು ಕಂಡಿಲ್ಲ. ಯಾರ ಕಣ್ಣಿಗೂ ಬೀಳದಿರಲೆಂದು ನಾನು ಬಯಸಿದ ಗೋಡೆಯನ್ನು ಬೀದಿಯಲ್ಲಿ ಹೋಗುವ ಟ್ರ್ಯಾಕ್ಟರಿನವರೂ ಬಗ್ಗಿ ನೋಡುತ್ತಿದ್ದರು.

"ಏನಿದು?"

"ಹೈಲೈಟ್ ಗ್ವಾಡಿ ರಿ ಸರ. ನೀವ ಸ್ಪೆಷಲ್ ಅಂದ್ರೆಲ್ಲಾ."

"ಮತ್ತ ಆ ಬಿರುಕು?"

"ಬಿರುಕ ಇತ್ತೇನ್ರಿ?" ಎಂದ. ಸ್ವಲ್ಪ ಹೊತ್ತಿಗೆ ನೆನಪಾಯಿತು. "ಹಾಂ, ಪುಟ್ಟಿ ಮೆತ್ತೇನ್ರಿ. ಎಷ್ಟ ಹಾಕಿದ್ರೂ ಒಳಗ ಹೋಗಾಕತ್ತಿತ್ತು."

ನಾನು ಬಾಯಿ ತೆಗೆಯುವಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದ ಬಂದಳು. "ಚಂದ ಆಗೇತಿ, ಸುಮ್ಮನಿರ್ರಿ. ನಿಮಗ ಬಿಟ್ಟಿದ್ರ ಮನಿ ದವಾಖಾನಿ ಆಗ್ತಿತ್ತು."

ಮರುದಿನ ಬೆಳಿಗ್ಗೆ ಅವರು ಬರುವ ಹೊತ್ತಿಗೆ, ಒಂದೇ ಸಲಕ್ಕೆ ದಪ್ಪಗೆ ಮೆತ್ತಿದ ಪುಟ್ಟಿ ಒಣಗಿ ಕುಗ್ಗಿತ್ತು. ನೆಲದಿಂದ ಎರಡು ಮೊಳದಷ್ಟು ಎತ್ತರಕ್ಕೆ ಕೂದಲೆಳೆಯಂಥ ಗೆರೆಯೊಂದು ಬಂಗಾರದ ಎಲೆಗಳನ್ನು ಸೀಳಿಕೊಂಡು ಹೊರಟಿತ್ತು. ಅದಕ್ಕೆ ಅಡ್ಡವಾಗಿ ಕುರ್ಚಿ ಹಾಕಿ, ಗೋಡೆಗೇ ಬೆನ್ನು ಆನಿಸಿ ಕೂತೆ. ಬಂದವರನ್ನು ಎದುರುಗೊಳ್ಳಲು ಕೂಡ ಏಳಲಿಲ್ಲ, ಕೂತಲ್ಲೇ ಕೈಮುಗಿದೆ. "ಇವರಿಗೆ ಸೊಂಟಾ ಹಿಡದೈತ್ರಿ" ಎಂದು ಹೆಂಡತಿ ನನ್ನನ್ನು ಸುಡುವಂತೆ ನೋಡುತ್ತ ಮಾನ ಉಳಿಸಿದಳು.

ಹುಡುಗಿಯ ತಂದೆ ಮಗನ ಕೆಲಸ ಕೇಳಲಿಲ್ಲ, ಹೊಲ ಕೇಳಲಿಲ್ಲ. ಅವಲಕ್ಕಿಯ ತಾಟು ಹಿಡಿದು ಗೋಡೆಯನ್ನೇ ನೋಡುತ್ತಿದ್ದರು. ನಾನು ಕುರ್ಚಿಯಲ್ಲಿ ಆದಷ್ಟು ಅಗಲವಾದೆ.

"ಯಾರ ಕಡಿಂದ ಮಾಡಿಸಿದ್ರಿ ಸರ ಇದನ್ನ?"

"ನವಲಗುಂದದಾಂವ ಒಬ್ಬಾವ್ರಿ."

"ನಂಬರ್ ಕೊಡ್ರಿ. ಲಗ್ನಕ್ಕಿಂತ ಮೊದಲ ನಮ್ಮ ಪಡಸಾಲ್ಯಾಗೂ ಒಂದ ಗ್ವಾಡಿ ಮಾಡಿಸಿಬಿಡ್ತೀನಿ."

ಲಗ್ನ ಎಂಬ ಮಾತಿಗೆ ಹೆಂಡತಿ ಅವರ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು. ಅವರು ದನಿ ತಗ್ಗಿಸಿ ನನ್ನ ಕಡೆ ಬಾಗಿದರು. "ನಮ್ಮ ಗ್ವಾಡಿ ಸ್ವಲ್ಪ ಸ್ಪೆಷಲ್ ಐತ್ರಿ."

ಫೋನು ಎದುರಿನ ಕಪಾಟಿನಲ್ಲಿತ್ತು. ಏಳಲೇಬೇಕಾಯಿತು. ಪೂರ್ತಿ ಒಣಗದ ಬಣ್ಣದಿಂದ ಅಂಗಿ ಚರ್ರೆಂದು ಬಿಟ್ಟುಕೊಂಡಿತು. ನಾಲ್ಕೈದು ಬಂಗಾರದ ಎಲೆಗಳು ನನ್ನ ಬೆನ್ನಿಗೇ ಬಂದವು. ಪೇಂಟರ್‌ನ ನಂಬರನ್ನು ಹಿಂದಿನ ಸಂಜೆಯೇ 'ಕತ್ತೆ' ಎಂಬ ಹೆಸರಿಗೆ ಬದಲಿಸಿಟ್ಟಿದ್ದರಿಂದ ಫೋನನ್ನು ಎದೆಗೆ ಹಿಡಿದುಕೊಂಡು ಓದಿ ಹೇಳಿದೆ.

ಬರೆದುಕೊಂಡು ತಲೆಯೆತ್ತಿದ ಅವರು ಕುರ್ಚಿಯ ಹಿಂದಿನ ಗೆರೆಯನ್ನು ಬಹಳ ಹೊತ್ತು ನೋಡಿದರು.

"ನಿಮ್ಮ ಬಿರುಕ ಇಷ್ಟಕ್ಕ ನಿಂತೈತೇನ್ರಿ?"

"ಇಲ್ರಿ," ಎಂದೆ. "ಮಾಳಿಗೀತನಕಾ ಐತಿ. ಬಣ್ಣದ ಒಳಗ."

ಅವರ ಮುಖ ಹಗುರಾಯಿತು. ಇನ್ನೊಂದಿಷ್ಟು ಅವಲಕ್ಕಿ ಹಾಕಿಸಿಕೊಂಡರು.